ತೆರೆದು ಕೊಟ್ಟದ್ದನ್ನು ತೆರೆದೇ ಕೊಡಬೇಕು

“ಅಷ್ಟು ಚಿಕ್ಕದು ತಗೊಂಡ್ರೆ, ಬ್ರದರ್ ಡೆನ್ಜಿಲ್, ಜೇಬಲ್ಲಿ ಅದನ್ನ ಹುಡುಕೋಷ್ಟರಲ್ಲಿ ಪಾಸ್ಟರ್ ಕೊನೇ ಆಮೆನ್ ಹೇಳಿ ಊಟಕ್ಕೆ ಹೋಗಿರ್ತಾರೆ.”

ಬಾಯ್ಡ್ ಹೇಳಿ, ತಾನೇ ನಕ್ಕ. ಶನಿವಾರ ಬೆಳಿಗ್ಗೆ ನಮ್ಮ ಬಂದೂಕಿನಂಗಡಿಯ ಕೌಂಟರಿನ ಕೊನೆಯಲ್ಲಿರುವ ಎತ್ತರದ ಸ್ಟೂಲು ಅವನದೇ. ಒಂದು ಲೋಟ ಕಾಫಿ ಹಿಡಿದು ಒಂಬತ್ತಕ್ಕೆ ಕೂತರೆ ಏಳುವುದು ಹನ್ನೊಂದಕ್ಕೆ. ನಾನು ಈ ಕೌಂಟರಿನ ಹಿಂದೆ ನಿಂತು ಹತ್ತೊಂಬತ್ತು ವರ್ಷವಾಯಿತು, ಅವನು ಏನನ್ನಾದರೂ ಕೊಂಡದ್ದು ನೆನಪಿಲ್ಲ. ಕೊಳ್ಳುವವರಿಗೆ ಬುದ್ಧಿ ಹೇಳುವುದೇ ಅವನ ವ್ಯಾಪಾರ.

ಮಿಸ್ಟರ್ ಡೆನ್ಜಿಲ್ ಅಂಗೈಯಲ್ಲಿ ಅಡಗುವಂಥ ಆ ಕರಿಯ ಪಿಸ್ತೂಲನ್ನು ಅತ್ತಿತ್ತ ಹೊರಳಿಸಿ ನೋಡುತ್ತಿದ್ದರು. ಎಪ್ಪತ್ತಾರರ ಮನುಷ್ಯ, ಮೂವತ್ತೊಂದು ವರ್ಷ ಈ ಕಣಿವೆಯ ಶಾಲಾ ಬಸ್ಸು ಓಡಿಸಿದವರು. ನಾನೂ ಬಾಯ್ಡೂ ಅದೇ ಬಸ್ಸಿನಲ್ಲಿ ಬೆಳೆದವರು. ಕೊನೆಯ ಮಗು ಕೂತದ್ದು ಕನ್ನಡಿಯಲ್ಲಿ ಕಾಣುವ ತನಕ ಆ ಬಸ್ಸು ಒಂದಿಂಚು ಅಲುಗುತ್ತಿರಲಿಲ್ಲ. ನನಗೀಗ ಐವತ್ತೆರಡು. ಅವರಿಗೆ ನಾನಿನ್ನೂ ಹುಡುಗಿಯೇ, ನನಗೆ ಅವರಿನ್ನೂ ಮಿಸ್ಟರ್ ಡೆನ್ಜಿಲ್.

ಬಾಯ್ಡನ ಮಾತಿನ ಹಿಂದೆ ಒಂದು ಕುರ್ಚಿಯ ವಿಷಯವಿತ್ತು. ಗುಡ್ಡದ ಮೇಲಿನ ನಮ್ಮ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಭಾನುವಾರ ಕಾವಲಿಗೆಂದು ನಾಲ್ವರಿದ್ದಾರೆ. ಶರ್ಟಿನ ಕೆಳಗೆ ಪಿಸ್ತೂಲು, ಬಾಯಲ್ಲಿ “ಬನ್ನಿ, ಬನ್ನಿ”. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಬಾಗಿಲ ಒಳಗಿನ ಕುರ್ಚಿ ಮಿಸ್ಟರ್ ಡೆನ್ಜಿಲರದು, ಒಂಬತ್ತು ವರ್ಷದಿಂದ. ಬಾಯ್ಡನದು ಹೊರಗೆ, ಕಾರು ನಿಲ್ಲಿಸುವ ಅಂಗಳದಲ್ಲಿ, ಹಿಮ ಬೀಳಲಿ ಬಿಸಿಲಿರಲಿ. ಒಳಗಿನ ಕುರ್ಚಿಯ ಮೇಲೆ ಅವನಿಗೆ ಕಣ್ಣಿರುವುದು ಗುಟ್ಟೇನಲ್ಲ.

ಆ ದಿನ ಒಳಗೆ ಬರುತ್ತಲೇ ಮಿಸ್ಟರ್ ಡೆನ್ಜಿಲ್ ಕಾರಣ ಹೇಳಿದ್ದರು. ಮೊಮ್ಮಗಳಿಗೆ ಕೊಲಂಬಸ್ ನಗರದಲ್ಲಿ ಆರು ವಾರದ ತರಬೇತಿ. ಅವಳ ಮಗಳು, ನಾಲ್ಕು ವರ್ಷದ ಓಪಲ್, ಅಂದು ಸಂಜೆಯಿಂದ ಇವರ ಮನೆಯಲ್ಲಿ. ಇವರ ತೀರಿಕೊಂಡ ಹೆಂಡತಿಯ ಹೆಸರನ್ನೇ ಆ ಮಗುವಿಗೆ ಇಟ್ಟಿದ್ದಾರೆ, ಹಾಗಾಗಿ ಹೆಸರು ಹೇಳುವಾಗಲೇ ಅವರ ದನಿ ಸ್ವಲ್ಪ ಮೆತ್ತಗಾಗುತ್ತದೆ. ಹತ್ತುವುದರಲ್ಲಿ ಅಳಿಲಂತೆ, ಹೋದ ಸಲ ಬಂದಾಗ ಫ್ರಿಜ್ಜಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳಂತೆ. ಇವರು ರಾತ್ರಿ ಪಿಸ್ತೂಲು ಇಡುವುದು ಅದೇ ಫ್ರಿಜ್ಜಿನ ಮೇಲೆ. ಅದಕ್ಕೇ ಚಿಕ್ಕದೊಂದು ಬೇಕು, ಬೆಳಗಿನಿಂದ ಮಲಗುವ ತನಕ ಮೈಮೇಲೇ ಇರುವಂಥದ್ದು, ಮೈಮೇಲಿದ್ದರೆ ಮಗುವಿನ ಕೈಗೆ ಸಿಗುವುದಿಲ್ಲ ಎಂದು ಅವರ ಲೆಕ್ಕ. ಕಿಟಕಿಯಾಚೆ ಅವರ ಹಳೆಯ ಪಿಕಪ್ಪಿನಲ್ಲಿ ಮಗುವಿನ ಸೀಟು ಆಗಲೇ ಕಟ್ಟಿ ಕೂತಿತ್ತು, ನೀಲಿ ಬಣ್ಣದ್ದು, ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

ಲೆಕ್ಕ ಕೇಳಲು ಸರಿಯಾಗಿಯೇ ಇದೆ. ಆದರೆ ಪಿಸ್ತೂಲು ಚಿಕ್ಕದಾದಷ್ಟೂ ಸುಲಭ ಎಂದು ನಂಬಿ ಬರುವವರನ್ನು ನಾನು ವಾರಕ್ಕೆ ಮೂವರನ್ನಾದರೂ ನೋಡುತ್ತೇನೆ. ನಿಜ ಉಲ್ಟಾ. ಮೈ ಚಿಕ್ಕದಾದರೆ ಒಳಗಿನ ಸ್ಪ್ರಿಂಗು ಬಿಗಿ, ಹಿಡಿಯಲು ಜಾಗ ಕಡಿಮೆ, ಗುಂಡು ಹಾರಿದಾಗ ಒದೆ ಜಾಸ್ತಿ. ಬೆನ್ನಿನ ಮೇಲಿನ ಉಕ್ಕಿನ ಭಾಗವನ್ನು, ಸ್ಲೈಡ್ ಅನ್ನುತ್ತೇವೆ, ಹಿಂದಕ್ಕೆಳೆದರೆ ತಾನೇ ಗುಂಡು ಒಳಗೆ ಹೋಗುವುದೂ ಹೊರಗೆ ಬರುವುದೂ? ಅದಕ್ಕೆ ನನ್ನದೊಂದು ನಿಯಮ. ದಿನಾ ಸೊಂಟಕ್ಕೆ ಕಟ್ಟುವ ಪಿಸ್ತೂಲು ಕೊಳ್ಳುವವರು ನನ್ನೆದುರು ಹತ್ತು ಸಲ ಸ್ಲೈಡ್ ಎಳೆದು ತೋರಿಸಬೇಕು. ಐದಕ್ಕೇ ಏದುಸಿರು ಬಿಟ್ಟರೆ ಮಾರುವುದಿಲ್ಲ. ಶೆರಿಫನ ತಮ್ಮನಿಗೇ ಮಾರಿಲ್ಲ.

ಇನ್ನೊಂದು ನಿಯಮ ನನ್ನದಲ್ಲ, ಈ ಕಸುಬಿನದು. ಪಿಸ್ತೂಲನ್ನು ಯಾರ ಕೈಗೆ ಕೊಡುವಾಗಲೂ ಸ್ಲೈಡ್ ಎಳೆದು, ತೆರೆದು, ಒಳಗೆ ಖಾಲಿ ಎಂದು ತೋರಿಸಿ ಕೊಡುತ್ತೇವೆ. ತೆಗೆದುಕೊಂಡವನು ನೋಡಿ ಮುಚ್ಚಿ, ಹಿಂದಿರುಗಿಸುವಾಗ ಮತ್ತೆ ತೆರೆದೇ ಕೊಡಬೇಕು. ಮನೆಗೆ ಬಂದವರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ, ಯಾರೂ ಹೇಳಿಕೊಡಬೇಕಿಲ್ಲ. ಈ ಮರ್ಯಾದೆಯನ್ನು ನನಗೆ ಹದಿನಾರನೇ ವಯಸ್ಸಿನಲ್ಲಿ ಕಲಿಸಿದವರೇ ಮಿಸ್ಟರ್ ಡೆನ್ಜಿಲ್, ಚರ್ಚಿನ ಹಿಂದಿನ ಹೊಲದಲ್ಲಿ, ಸೋಡಾ ಡಬ್ಬಿಗಳನ್ನು ಬೇಲಿಯ ಮೇಲಿಟ್ಟು.

ಅಂದು ಅವರಿಗೆ ನಾಲ್ಕು ಪಿಸ್ತೂಲು ತೆರೆದು ಕೊಟ್ಟಿದ್ದೆ. ಮೂರನ್ನು ಅವರು ಮುಚ್ಚಿದಂತೆಯೇ ಕೌಂಟರಿನ ರಬ್ಬರು ಹಾಸಿನ ಮೇಲೆ ಮೆಲ್ಲಗೆ ಇಟ್ಟಿದ್ದರು. ನಾಲ್ಕನೆಯದು ಕೈಯಲ್ಲಿತ್ತು.

ಮೊದಲನೆಯದಕ್ಕೆ ಮರೆವು ಅಂದುಕೊಂಡೆ. ಎರಡನೆಯದಕ್ಕೆ ಅವರ ಕೈ ನೋಡಿದೆ. ಬೆರಳ ಗೆಣ್ಣುಗಳು ಅಡಿಕೆಯಷ್ಟು ಊದಿದ್ದವು, ಹೆಬ್ಬೆರಳು ಒಳಕ್ಕೆ ತಿರುಚಿಕೊಂಡಿತ್ತು. ಭಾನುವಾರ ಆ ಕೈಯನ್ನು ಎಷ್ಟು ಸಲ ಕುಲುಕಿದ್ದೇನೆ! ಕುಲುಕುವಾಗ ಅವರೇ ಮೊದಲು ಮೊಣಕೈ ಹಿಡಿದುಬಿಡುತ್ತಾರೆ, ಪ್ರೀತಿ ಅಂದುಕೊಂಡಿದ್ದೆ.

“ಹತ್ತು ಸಲ ಎಳೀರಿ ಬ್ರದರ್,” ಅಂದ ಬಾಯ್ಡ್. “ರೋವೀನಾ ಯಾರಿಗೂ ರಿಯಾಯಿತಿ ಕೊಡಲ್ಲ.”

“ಕಾಫಿ ಆರ್ತಿದೆ, ಕುಡಿ,” ಅಂದೆ ನಾನು.

ಮಿಸ್ಟರ್ ಡೆನ್ಜಿಲ್ ನಮ್ಮಿಬ್ಬರನ್ನೂ ನೋಡದೆ ಪಿಸ್ತೂಲನ್ನು ಎದೆಯ ಹತ್ತಿರ ತಂದರು. ಎಡಗೈ ಸ್ಲೈಡಿನ ಮೇಲೆ ಹಾಕಿ ಎಳೆದರು. ಅದು ಬೆರಳಿನಗಲ ಬಂದು, ಜಾರಿ, ಹಿಂದಕ್ಕೆ ಹೋಯಿತು. ಇನ್ನೊಮ್ಮೆ ಎಳೆದರು. ಕುತ್ತಿಗೆಯ ನರ ಉಬ್ಬಿತು. ಸ್ಲೈಡ್ ಅಷ್ಟೂ ಬರಲಿಲ್ಲ.

“ನನ್ನ ಮೊಮ್ಮಗಳು ಇದನ್ನ ಎಡಗೈಯಲ್ಲಿ ಎಳೀತಾಳೆ,” ಅಂದ ಬಾಯ್ಡ್. “ಬಿಡಿ, ಹೊಸದರ ಸ್ಪ್ರಿಂಗು ಗಟ್ಟಿ. ಸೊಂಟದಲ್ಲಿರೋದನ್ನಾದ್ರೂ ಎಳೀತೀರೋ ಇಲ್ವೋ? ನಾಳೆ ನಾವೆಲ್ಲಾ ಬೆನ್ನು ತಿರುಗಿಸಿಕೊಂಡು ಹಾಡ್ತಿರೋದು ನಿಮ್ಮನ್ನ ನಂಬಿ.”

ತಮಾಷೆಗೇ ಹೇಳಿದ. ಆದರೆ ಕೊನೆಯ ಮಾತಿಗೆ ಅವನೂ ನಗಲಿಲ್ಲ, ನಾವೂ ನಗಲಿಲ್ಲ.

ಮಿಸ್ಟರ್ ಡೆನ್ಜಿಲ್ ಆ ಚಿಕ್ಕದನ್ನು ಹಾಸಿನ ಮೇಲಿಟ್ಟರು. ಶರ್ಟಿನ ಅಂಚು ಎತ್ತಿ, ಸೊಂಟದ ಚರ್ಮದ ಒರೆಯಿಂದ ತಮ್ಮ ಹಳೆಯ ಪಿಸ್ತೂಲನ್ನು ಹೊರಗೆಳೆದರು.

ನಮ್ಮ ಬಾಗಿಲ ಮೇಲೆ ಅಂಗೈಯಗಲದ ಅಕ್ಷರದಲ್ಲಿ ಬರೆದಿದೆ: ಒರೆಯಲ್ಲಿರುವುದು ಒರೆಯಲ್ಲೇ ಇರಲಿ, ತೆಗೆಯುವ ಮುಂಚೆ ಹೇಳಿ. ಮಿಸ್ಟರ್ ಡೆನ್ಜಿಲ್ ನಿಯಮ ಮುರಿದದ್ದನ್ನು ಈ ಊರಿನಲ್ಲಿ ಯಾರೂ ಕಂಡಿಲ್ಲ. ರಸ್ತೆ ಖಾಲಿಯಿದ್ದರೂ ರೈಲ್ವೆ ಗೇಟಿನಲ್ಲಿ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಕಿವಿಗೊಟ್ಟು ಕೇಳುತ್ತಿದ್ದ ಮನುಷ್ಯ.

ಗುಂಡಿ ಒತ್ತಿದರು. ಹಿಡಿಯೊಳಗಿನ ಮ್ಯಾಗಜೀನು, ಗುಂಡು ತುಂಬುವ ಡಬ್ಬಿ, ಜಾರಿ ಹಾಸಿನ ಮೇಲೆ ಬಿತ್ತು.

“ಖಾಲಿ,” ಅಂದರು. “ಇದನ್ನೂ ಬದಲಿಗೆ ಕೊಡ್ತೀನಿ, ಎಷ್ಟು ಬರುತ್ತೆ ನೋಡು.”

ಖಾಲಿಯಲ್ಲ. ಡಬ್ಬಿ ತೆಗೆದರೂ ನಳಿಗೆಯೊಳಗೆ ಹೊಕ್ಕ ಒಂದು ಗುಂಡು ಅಲ್ಲೇ ಇರುತ್ತದೆ. ಡಬ್ಬಿ ತೆಗೆದರೆ ಮುಗಿಯಿತೆಂದು ನಂಬಿ ಈ ಕಣಿವೆಯಲ್ಲಿ ಎಷ್ಟು ಛಾವಣಿಗಳು ತೂತಾಗಿವೆಯೋ. ಆ ಮಾದರಿಯಲ್ಲಿ ಒಳಗೆ ಗುಂಡಿದ್ದರೆ ಸ್ಲೈಡಿನ ಮೇಲೆ ಅಕ್ಕಿಕಾಳಿನಷ್ಟು ಕೆಂಪು ಗುರುತು ಎದ್ದು ನಿಲ್ಲುತ್ತದೆ. ಎದ್ದಿತ್ತು. ಬಾಯ್ಡ್ ಕೂತಲ್ಲಿಂದ ಕಾಣುವುದಿಲ್ಲ. ನನಗೆ ಕಂಡಿತು, ನನಗೆ ಕಂಡದ್ದು ಮಿಸ್ಟರ್ ಡೆನ್ಜಿಲರಿಗೆ ತಿಳಿಯಿತು. ಅವರ ಕಣ್ಣು ನನ್ನ ಮುಖದ ಮೇಲೇ ಇತ್ತು.

ನಳಿಗೆಯ ಬಾಯಿ ನನ್ನ ಎಡಗಡೆಯ ಗೋಡೆಯತ್ತ ತಿರುಗಿತ್ತು. ಅದು ಗೋಡೆಯೆಂದರೆ ಗೋಡೆಯಲ್ಲ, ಬಣ್ಣ ಹಚ್ಚಿದ ಪ್ಲೈವುಡ್ ಹಲಗೆ. ಆಚೆಗೆ ನಮ್ಮ ಅಂಗಡಿಯ ತರಬೇತುದಾರ ಗಾರ್ನೆಟ್ ಪಿಸ್ತೂಲು ಪರವಾನಗಿಯ ಪಾಠ ಮಾಡುತ್ತಿದ್ದ, ಹನ್ನೊಂದು ಜನ ಮಡಚುವ ಕುರ್ಚಿಗಳಲ್ಲಿ. ಯಾರೋ ಏನೋ ಕೇಳಿದರು, ಎಲ್ಲರೂ ನಕ್ಕರು. ನಗು ಅಷ್ಟು ಹತ್ತಿರದಿಂದ ಬಂತು.

“ಹಾಸಿನ ಮೇಲೆ ಇಡಿ, ಮಿಸ್ಟರ್ ಡೆನ್ಜಿಲ್. ನೋಡಿ ಹೇಳ್ತೀನಿ,” ಅಂದೆ, ಬೆಲೆ ಕೇಳಿದವರಿಗೆ ಹೇಳುವ ದನಿಯಲ್ಲೇ.

ಅವರು ಇಡಲಿಲ್ಲ. ತುಟಿ ಮಾತ್ರ ಅಲುಗಿತು, ಬಾಯ್ಡನಿಗೆ ಕೇಳದ ಹಾಗೆ.

“ಬೆರಳು ಬಿಡ್ತಿಲ್ಲ, ಹುಡುಗಿ.”

ಆಗ ನೋಡಿದೆ. ತೋರುಬೆರಳು ಮಡಚಿದಲ್ಲೇ ಸಿಕ್ಕಿಕೊಂಡಿತ್ತು. ಸಂಧಿವಾತದವರಿಗೆ ಹಾಗಾಗುತ್ತದೆ, ನನ್ನ ಅಮ್ಮನಿಗೂ ಆಗುತ್ತಿತ್ತು, ಮಡಚಿದ ಬೆರಳು ಬೀಗ ಬಿದ್ದಂತೆ ನಿಲ್ಲುತ್ತದೆ. ಅದರ ತುದಿ ಟ್ರಿಗರಿನ ಸುತ್ತಲಿನ ಬಳೆಯ ಅಂಚಿನಲ್ಲಿತ್ತು. ಬಿಡಿಸಿಕೊಳ್ಳಲು ಅವರು ಜಗ್ಗಿದಷ್ಟೂ ಅದು ಒಳಕ್ಕೇ ಹೋಗುತ್ತಿತ್ತು.

ಕೂಗಿದರೆ ಅವರು ಬೆಚ್ಚಬಹುದು. ಕೈ ಹಾಕಿ ಕಿತ್ತರೆ ಬೆರಳು ಟ್ರಿಗರ್ ಎಳೆಯಬಹುದು. ಇವೆರಡೂ ಆಗದಿದ್ದರೂ, ಬಾಯ್ಡ್ ಎದ್ದು ಎರಡು ಹೆಜ್ಜೆ ಈಚೆ ಬಂದರೆ ನಾಳೆ ಬೆಳಿಗ್ಗೆಯೊಳಗೆ ಇಡೀ ಗುಡ್ಡಕ್ಕೆ ಸುದ್ದಿ. ಮೊದಲು ಹಲಗೆಯಾಚೆಯ ಕೋಣೆ ಖಾಲಿಯಾಗಬೇಕಿತ್ತು. ಕೌಂಟರಿನ ಮೇಲೆ ಬೇಕರಿಯಿಂದ ಬಂದ ಪೆಪ್ಪರೋನಿ ರೋಲಿನ ಪೆಟ್ಟಿಗೆಯಿತ್ತು, ಪಾಠದವರ ಹತ್ತೂವರೆಯ ತಿಂಡಿ.

“ಬಾಯ್ಡ್, ಈ ರೋಲು ತಣ್ಣಗಾಗ್ತಿವೆ. ಮುಂದಿನ ಬಾಗಿಲಿಂದ ಸುತ್ತಿಕೊಂಡು ಹಿಂದಿನ ಅಂಗಳಕ್ಕೆ ತಗೊಂಡು ಹೋಗು. ಗಾರ್ನೆಟ್‌ಗೆ ಹೇಳು, ಎಲ್ಲರನ್ನೂ ಈಗ್ಲೇ ಹೊರಗೆ ಕರೀಲಿ.”

“ಇನ್ನೂ ಹತ್ತೂಕಾಲು.”

“ಬಿಸಿ ರೋಲಿಗೆ ಗಡಿಯಾರ ಬೇಕಾ? ನಿನಗೂ ಎರಡಿದೆ ಅದ್ರಲ್ಲಿ.”

ಬಾಯ್ಡ್ ನನ್ನನ್ನೊಮ್ಮೆ ನೋಡಿದ, ಮಿಸ್ಟರ್ ಡೆನ್ಜಿಲರ ಬೆನ್ನನ್ನೊಮ್ಮೆ ನೋಡಿದ. ಪೆಟ್ಟಿಗೆ ಎತ್ತಿಕೊಂಡು ಹೋದ. ಬಾಗಿಲ ಗಂಟೆ ಕಿಣಿಕಿಣಿ ಅಂದಿತು.

ಆಮೇಲಿನ ಒಂದು ನಿಮಿಷವನ್ನು ನಾನು ಕಿವಿಯಲ್ಲೇ ಕಳೆದೆ. ಗಾರ್ನೆಟ್ ಮಾತಾಡುತ್ತಲೇ ಇದ್ದ. ಬಾಯ್ಡನ ಬೂಟು ಜಲ್ಲಿಯ ಮೇಲೆ ದೂರವಾಯಿತು. ಮಿಸ್ಟರ್ ಡೆನ್ಜಿಲ್ ಎಡಗೈ ತಂದು ಬೆರಳು ಬಿಡಿಸಲು ಹೋದರು.

“ಬೇಡ. ಬಸ್ಸು ಇನ್ನೂ ನಿಂತಿಲ್ಲ, ಮಿಸ್ಟರ್ ಡೆನ್ಜಿಲ್. ಯಾರೂ ಏಳೋ ಹಾಗಿಲ್ಲ.”

ಅದು ಅವರದೇ ಮಾತು. ದಿನಕ್ಕೆರಡು ಸಲ, ಮೂವತ್ತೊಂದು ವರ್ಷ ಹೇಳಿದ್ದು. ಎಡಗೈ ನಿಂತಿತು.

ಹಲಗೆಯಾಚೆ ಹಿಂಬಾಗಿಲು ಬಡಿಯಿತು, ಬಾಯ್ಡನ ದೊಡ್ಡ ದನಿ, ಆಮೇಲೆ ಕುರ್ಚಿಗಳು ನೆಲ ಗೀರುವ ಸದ್ದು. ಎಣಿಸಿದೆ. ಒಂಬತ್ತರ ಮೇಲೆ ಲೆಕ್ಕ ತಪ್ಪಿತು. ಯಾವಳೋ ಒಬ್ಬಳು ಪರ್ಸಿಗಾಗಿ ಹಿಂದಿರುಗಿ ಬಂದಳು, ಅವಳ ಹಿಮ್ಮಡಿಯ ಸದ್ದು ನಮ್ಮ ಹಲಗೆಯವರೆಗೂ ಬಂತು, ಬಂದು ನಿಂತಿತು, ಕೊನೆಗೆ ಹೋಯಿತು. ಬಾಗಿಲು ಮತ್ತೆ ಬಡಿಯಿತು.

ಕೌಂಟರ್ ಸುತ್ತಿ ಅವರ ಪಕ್ಕಕ್ಕೆ ಹೋದೆ. ಅವರ ಮುಂಗೈ ಕೆಳಗೆ ನನ್ನ ಅಂಗೈ ಕೊಟ್ಟೆ. ಬಾಗಿಲ ಬಳಿ ಮರಳು ತುಂಬಿದ ಪೀಪಾಯಿ ಇದೆ, ಪಿಸ್ತೂಲು ಖಾಲಿ ಮಾಡುವವರು ನಳಿಗೆಯನ್ನು ಅದರೊಳಕ್ಕೆ ತಿರುಗಿಸಿ ಮಾಡಲಿ ಅಂತ. ಆರು ಹೆಜ್ಜೆ. ಆರನ್ನೂ ಒಟ್ಟಿಗೆ ಇಟ್ಟೆವು, ಮದುವೆಮನೆಯಲ್ಲಿ ಕುಣಿಯಲು ಬಾರದ ಇಬ್ಬರಂತೆ. ನಳಿಗೆಯ ಬಾಯಿ ಮರಳಿನತ್ತ ಬಗ್ಗಿದ ಮೇಲೆ ಅವರ ಬೆರಳ ಗೆಣ್ಣನ್ನು ನನ್ನ ಹೆಬ್ಬೆರಳಿನಿಂದ ಉಜ್ಜಿದೆ, ಅಮ್ಮನಿಗೆ ಉಜ್ಜುತ್ತಿದ್ದ ಹಾಗೆ, ಹೊರಮುಖವಾಗಿ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೆರಳು ಟಕ್ಕೆಂದು ನೆಟ್ಟಗಾಯಿತು. ಪಿಸ್ತೂಲು ನನ್ನ ಕೈಗೆ ಬಂತು. ಸ್ಲೈಡ್ ಎಳೆದೆ. ಗುಂಡು ಹಾರಿ ಮರಳಿನ ಮೇಲೆ ಬಿತ್ತು.

ಅದರ ಹಿತ್ತಾಳೆ ಹಸಿರುಗಟ್ಟಿತ್ತು. ಒಂದೆರಡು ವಾರದ ಬೆವರಿಗೆ ಅಷ್ಟು ಹಸಿರಾಗುವುದಿಲ್ಲ.

“ಯಾವಾಗಿಂದ?” ಅಂದೆ.

“ಈಸ್ಟರ್ ಹಿಂದಿನ ಶನಿವಾರದಿಂದ.”

ಈಸ್ಟರ್ ಏಪ್ರಿಲಿನಲ್ಲಿ, ಈಗ ಹೊರಗೆ ಮೇಪಲ್ ಎಲೆ ಕೆಂಪಾಗಿ ಉದುರುತ್ತಿದ್ದವು. ಆರು ತಿಂಗಳು! ಹೇಳತೊಡಗಿದ ಮೇಲೆ ಅವರು ನಿಲ್ಲಿಸಲಿಲ್ಲ, ಮರಳನ್ನೇ ನೋಡುತ್ತಾ ಹೇಳಿದರು. ಆ ಶನಿವಾರ ಒರೆಸಲೆಂದು ಕೂತರೆ ಸ್ಲೈಡ್ ಬರಲಿಲ್ಲವಂತೆ. ಬಿಸಿನೀರಿನಲ್ಲಿ ಕೈ ಅದ್ದಿ ನೋಡಿದರು, ಮೇಜಿನ ಅಂಚಿಗೆ ಸಿಕ್ಕಿಸಿ ಎಳೆದು ನೋಡಿದರು, ಭಯವಾಗಿ ಬಿಟ್ಟರು. ಅಂದಿನಿಂದ ಪ್ರತಿ ಭಾನುವಾರ ಅದನ್ನೇ ಕಟ್ಟಿಕೊಂಡು ಬಾಗಿಲಲ್ಲಿ ಕೂತರು, ಪ್ರತಿ ರಾತ್ರಿ ಅದನ್ನೇ ಫ್ರಿಜ್ಜಿನ ಮೇಲಿಟ್ಟರು. ಮಗು ಬರುತ್ತದೆ ಅಂದಾಗ ಮೂರು ರಾತ್ರಿ ನಿದ್ದೆ ಬರಲಿಲ್ಲ.

“ಒಂದು ಮಾತು ಹೇಳಿದ್ರೆ ಯಾರಾದ್ರೂ ತೆಗೆದುಕೊಡ್ತಿದ್ರು,” ಅಂದೆ.

“ಯಾರಿಗೆ ಹೇಳ್ಲಿ? ಬಾಗಿಲು ಕಾಯೋನು ನಾನು.” ಅವರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. “ಹೊಸದು ನೋಡೋ ನೆಪದಲ್ಲಿ ಬಂದು ಇದನ್ನ ನಿನ್ನ ಕೈಗೆ ಕೊಟ್ರೆ, ನೀನು ಹೇಗಿದ್ರೂ ತೆರೆದು ನೋಡ್ತೀಯ ಅಂದ್ಕೊಂಡೆ. ಬಾಯ್ಡ್ ಹನ್ನೊಂದಕ್ಕೆ ಏಳ್ತಾನಲ್ಲ, ಅಲ್ಲೀವರೆಗೂ ಕಾಯೋಣ ಅಂತಿದ್ದೆ. ಕಾಯೋಕೆ ಬಿಡ್ಲಿಲ್ಲ ಅವನು.”

ನಾನು ಕೌಂಟರಿನ ಕೆಳಗಿನ ಡ್ರಾಯರಿನಿಂದ ಇನ್ನೊಂದು ಪಿಸ್ತೂಲು ತೆಗೆದೆ. ಅದು ಹಳೆಯ ಮಾದರಿ, ಗುಂಡೂ ಪುಟ್ಟದು, ಯಾರೂ ಕೇಳುವುದಿಲ್ಲ. ಅದರಲ್ಲಿ ಸ್ಲೈಡ್ ಎಳೆಯಬೇಕಿಲ್ಲ. ಪಕ್ಕದ ಸಣ್ಣ ಕೀಲು ಒತ್ತಿದರೆ ನಳಿಗೆಯೇ ಪೆಟ್ಟಿಗೆಯ ಮುಚ್ಚಳದಂತೆ ಮೇಲೇಳುತ್ತದೆ, ಗುಂಡನ್ನು ಬೆರಳಿನಿಂದಲೇ ಹಾಕಬಹುದು, ತೆಗೆಯಬಹುದು. ತೆರೆದು ಕೊಟ್ಟೆ. ಮುಚ್ಚಿದರು. ತಿರುಚಿದ ಹೆಬ್ಬೆರಳನ್ನು ಕೀಲಿನ ಮೇಲಿಟ್ಟು ಒತ್ತಿದರು. ನಳಿಗೆ ಎದ್ದಿತು. ಮತ್ತೆ ಮುಚ್ಚಿ ಒತ್ತಿದರು. ಹತ್ತು ಸಲ ಮಾಡಿದರು, ನಾನು ಕೇಳಿರಲಿಲ್ಲ. ಹತ್ತನೆಯದಾದ ಮೇಲೆ ತೆರೆದಂತೆಯೇ ನನ್ನ ಕೈಗಿಟ್ಟರು.

“ಇದು ಬಾಗಿಲಿಗೆ ಸಾಕಾ?”

ಸುಳ್ಳು ಹೇಳಬಹುದಿತ್ತು. ಅವರು ಕನ್ನಡಿಯಲ್ಲಿ ಬಸ್ಸಿನ ಹಿಂದಿನ ಸೀಟನ್ನು ನೋಡುತ್ತಿದ್ದಂತೆ ನನ್ನನ್ನು ನೋಡುತ್ತಿದ್ದರು.

“ನಿಮಗೆ ಸಾಕು. ಬಾಗಿಲಿಗೆ ಸಾಲ್ದು.”

ತಲೆಯಾಡಿಸಿದರು. ಕೌಂಟರಿನ ಮೇಲಿದ್ದ ಚಿಕ್ಕವನ್ನೆಲ್ಲ ಒಮ್ಮೆ ನೋಡಿ, ಇದನ್ನು ನನಗೆ ಎತ್ತಿಡು, ಹಳೆಯದನ್ನು ನಿನ್ನ ಕಪಾಟಿನಲ್ಲಿ ಬೀಗ ಹಾಕಿಡು ಅಂದರು. ಇವತ್ತು ಒಯ್ಯುವುದಿಲ್ಲವೇ ಎಂದು ಕೇಳಿದೆ.

“ಮಗು ಎಲ್ಲೆಲ್ಲಿ ಹತ್ತುತ್ತೆ, ಮೊದಲು ಅದನ್ನ ನೋಡ್ತೀನಿ. ಆಮೇಲೆ ಇದನ್ನ ಎಲ್ಲಿಡೋದು ಅಂತ ಗೊತ್ತಾಗುತ್ತೆ.”

ಬಾಗಿಲ ಗಂಟೆ ಮತ್ತೆ ಕಿಣಿಕಿಣಿ ಅಂದಿತು. ಬಾಯ್ಡ್ ಒಳಗೆ ಬಂದ, ಗಡ್ಡದಲ್ಲಿ ರೋಲಿನ ಪುಡಿ. ಅವನ ಕಣ್ಣು ಮೊದಲು ಹೋದದ್ದು ಮರಳಿನ ಪೀಪಾಯಿಗೆ. ನಾನು ಗುಂಡನ್ನು ಅಲ್ಲಿಂದ ತೆಗೆಯಲು ಮರೆತಿದ್ದೆ. ಅವನು ಒಂದು ಕ್ಷಣ ಅಲ್ಲೇ ನಿಂತ. ಆಮೇಲೆ ಸ್ಟೂಲಿನ ಹತ್ತಿರ ಹೋದ, ಕೂರಲಿಲ್ಲ.

“ಬಾಯ್ಡ್,” ಅಂದರು ಮಿಸ್ಟರ್ ಡೆನ್ಜಿಲ್. “ನಾಳೆ ಒಳಗಿನ ಕುರ್ಚಿಗೆ ನೀನು ಬಾ. ನಾನು ಮಗು ಜೊತೆ ಮುಂದೆ ಕೂರ್ತೀನಿ.”

“ನಾಳೆ ಒಂದಿನಕ್ಕಾ?”

“ಆರು ವಾರ ಇರ್ತಾಳೆ ಅವಳು. ಆಮೇಲಿಂದು ಆಮೇಲೆ.”

“ಆಯ್ತು, ಸರ್,” ಅಂದ ಬಾಯ್ಡ್, ಅಷ್ಟೇ. ಬಸ್ಸಿನಲ್ಲಿದ್ದಾಗ ಅವರನ್ನು ಹಾಗೆ ಕರೆಯುತ್ತಿದ್ದ. ಆಮೇಲೆ ನಾನು ಕೇಳಿರಲಿಲ್ಲ.

ಮಿಸ್ಟರ್ ಡೆನ್ಜಿಲ್ ಹೊರಟರು. ಕಿಟಕಿಯಿಂದ ನೋಡಿದೆ. ಪಿಕಪ್ಪಿನ ಪಕ್ಕದ ಬಾಗಿಲು ತೆರೆದು, ಮಗುವಿನ ಸೀಟಿನ ಬೆಲೆಚೀಟಿ ಹರಿದು ಜೇಬಿಗೆ ಹಾಕಿಕೊಂಡರು. ನಡುವಿನ ಪಟ್ಟಿಯನ್ನು ಸಿಕ್ಕಿಸಿದರು. ಅದನ್ನು ಬಿಡಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಎರಡೂ ಹೆಬ್ಬೆರಳಿಟ್ಟು ಮತ್ತೆ ಒತ್ತಿದರು. ಪಟ್ಟಿ ಬಿಡಲಿಲ್ಲ.

ಬಾಯ್ಡ್ ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಕಾಫಿಯ ಲೋಟವನ್ನು ಕೌಂಟರಿನ ಮೇಲಿಟ್ಟು ಹೊರಗೆ ಹೋದ. ಜಲ್ಲಿ ದಾಟಿ, ಪಿಕಪ್ಪಿನ ಬಾಗಿಲಲ್ಲಿ ಬಗ್ಗಿ, ಅವರ ಕೈಗಳ ನಡುವೆ ಕೈ ತೂರಿಸಿ ಗುಂಡಿ ಒತ್ತಿದ.